ಕತ್ತರಿ ಕೆಳಗಿಟ್ಟ ವರ್ಷ

ಬೇರಿಗೆ ಕತ್ತಲೆಯಲ್ಲೂ ದಾರಿ ತೋರುವ ಪರಶಿವನಿಗೆ ಮೊದಲ ಶರಣು. ಅಕ್ಷರ ತಿದ್ದಿಸಿದ ಗುರುವಿಗೆ, ಅನ್ನ ಕೊಟ್ಟ ಈ ನೆಲಕ್ಕೆ, ದಿನ ಬಿಟ್ಟು ದಿನವಾದರೂ ತಪ್ಪದೆ ನಳಕ್ಕೆ ಬರುವ ನೀರಿಗೆ ಶರಣು. ನನ್ನ ಪೂಜೆಯ ಬುಟ್ಟಿ ಒಂದು ದಿನವೂ ಬರಿದಾಗದಂತೆ ನೋಡಿಕೊಂಡ ನೆರೆಮನೆಯ ಕೈಗಳಿಗೆ, ಆ ಕೈಗಳು ಬೆಳೆಸಿದ ಗಿಡಗಳಿಗೆ ನನ್ನ ಕೃತಜ್ಞತೆ ಸಲ್ಲಲಿ. ಇಷ್ಟು ಹೇಳಿದ ಮೇಲೆಯೇ ಮುಂದಿನ ಮಾತಿಗೆ ನನಗೆ ಅಧಿಕಾರ.

ಮೊನ್ನೆ ತೀರಿಕೊಂಡ ನೆರೆಮನೆಯವರ ಶಿವಗಣಾರಾಧನೆಯ ಪ್ರಸಾದ ಸ್ವೀಕರಿಸಿ ಮನೆಗೆ ಬಂದು ಎರಡು ದಿನವಾಯಿತು. ಬರೆಯಲು ಕುಳಿತೆನಾದರೂ ಮೈಗೆ ಉತ್ಸಾಹವಿಲ್ಲ. ಈ ವಯಸ್ಸಿನಲ್ಲಿ ಬರೆಯುವುದೆಲ್ಲ ಹೋದವರ ಕುರಿತೇ ಆಗುತ್ತದೆ. ಹೋದವರ ಬಗ್ಗೆ ಬರೆದು ಬರೆದು ಮಾತುಗಳೂ ದಣಿದಿವೆ. 'ಸಜ್ಜನರು', 'ಪರೋಪಕಾರಿಗಳು' ಎಂದು ಬರೆದರೆ ಯಾರಿಗೂ ತೊಂದರೆಯಿಲ್ಲ. ಆದರೆ ಅವರು ಆ ಅರ್ಥದಲ್ಲಿ ಸಜ್ಜನರಾಗಿರಲಿಲ್ಲ. ಬೈಯುತ್ತಿದ್ದರು. ಅದನ್ನು ಮರೆಮಾಚಿ ಬರೆದರೆ ಅವರೇ ಎದ್ದು ಬಂದು ನನ್ನನ್ನು ಬೈದಾರು.

ಮಕ್ತಲ್ ಬಸ್ ನಿಲ್ದಾಣದಲ್ಲಿ ಅವರು ಕಂಟ್ರೋಲರ್ ಆಗಿದ್ದವರು. ರಾಯಚೂರಿನ ಬಸ್ಸು ಯಾವುದು, ನಾರಾಯಣಪೇಟೆಯದು ಯಾವುದು, ಯಾವುದು ಬಂತು, ಯಾವುದು ಕೆಟ್ಟು ನಿಂತಿತು ಎಂಬುದನ್ನು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ, ಯಾರಾದರೂ ಮತ್ತೆ ಕೇಳಿದರೆ ಉರ್ದುವಿನಲ್ಲಿ ಸಿಡುಕಿ ಒಮ್ಮೆ ಹೇಳುತ್ತಿದ್ದ ಧ್ವನಿ ಅವರದು. ನಿವೃತ್ತರಾದ ಮೇಲೂ ಊರು ಅವರನ್ನು ಕಂಟ್ರೋಲರ್ ಎಂದೇ ಕರೆಯಿತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಓಣಿಯವರಲ್ಲಿ ಅರ್ಧ ಜನ, ಇದು ಯಾರು ಎಂದು ಕೇಳಿಯಾರು.

ನನ್ನ ಜಗಲಿಗೂ ಅವರ ಅಂಗಳಕ್ಕೂ ನಡುವೆ ಸೊಂಟದೆತ್ತರದ ಗೋಡೆ ಮಾತ್ರ. ನಾನು ಗಡಿಯ ಕನ್ನಡ ಶಾಲೆಯಲ್ಲಿ ಪಂಡಿತನಾಗಿದ್ದು ನಿವೃತ್ತನಾದವನು, ಅವರಿಗಿಂತ ಹಿರಿಯ. ಆದ್ದರಿಂದ ನನ್ನನ್ನು ಮಾತ್ರ ಅವರು ಮೆಲ್ಲಗೆ ಬೈಯುತ್ತಿದ್ದರು. ನಿವೃತ್ತಿಯ ನಂತರ ಅವರು ಆ ಅಂಗಳವನ್ನು ತೋಟ ಮಾಡಿದರು. ದೊಡ್ಡದೇನಲ್ಲ: ಒಂದು ನುಗ್ಗೆ, ಒಂದು ನಿಂಬೆ, ಕರಿಬೇವು, ಕಣಗಿಲೆ, ದಾಸವಾಳ, ಕುಂಡಗಳಲ್ಲಿ ತುಳಸಿ, ಬೀದಿಯ ಗೋಡೆಗುಂಟ ಮಲ್ಲಿಗೆಯ ಸಾಲು. ಆದರೆ ಅವರ ತೋಟ ಆ ಗೋಡೆಯೊಳಗೆ ನಿಲ್ಲಲಿಲ್ಲ. ಓಣಿಯ ಎಲ್ಲ ಅಂಗಳಗಳೂ ತಮ್ಮ ನಿಲ್ದಾಣಕ್ಕೆ ಸೇರಿದವೆಂದು ಅವರು ನಂಬಿದ್ದರು. ಸಂಜೆ ಹೊರಟರೆಂದರೆ ಗೇಟು ತೆರೆದು ಒಳಗೆ ಹೋಗುವರು, ಯಾರದೋ ಕುಂಡದ ಮಣ್ಣಿಗೆ ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸುವರು, ಬೆರಳು ಮೂಸುವರು, ಆಮೇಲೆ ಮನೆಯವರನ್ನು ಕರೆಯುವರು.

ಎದುರುಮನೆಯ ತಾಯಿಯೊಬ್ಬರ ಮನೆಯಲ್ಲಿ ತುಳಸಿ ನಿಲ್ಲುತ್ತಲೇ ಇರಲಿಲ್ಲ. ತುಳಸಿ ಒಣಗುವುದು ಮನೆಗೆ ಒಳ್ಳೆಯದಲ್ಲವೆಂದು ಆಕೆ ಪ್ರತಿ ಸಲ ಅಳುತ್ತ ಹೊಸ ಸಸಿ ತರುವರು. ಒಂದು ದಿನ ಇವರು ಬೆರಳು ಮೂಸಿ ಕೇಳಿದರು:

"ಅಕ್ಕೋರ, ಇದಕ್ಕ ಏನೇನು ಹಾಕತೀರಿ ದಿನಾ?"

"ಏನಿಲ್ರಿ. ಒಂದು ತಂಬಗಿ ನೀರು, ಒಂದೀಟು ಹಾಲು, ಅರಿಷಿಣ ಕುಂಕುಮ. ಶುಕ್ರವಾರ ಪಂಚಾಮೃತ. ಬುಡಕ್ಕ ಒಂದು ಎಣ್ಣಿ ದೀಪಾ."

"ನಿಮ್ಮನ್ನ ಕುಂದ್ರಿಸಿ ದಿನಾ ತಲಿಮ್ಯಾಲೆ ಹಾಲು ಸುರದು, ಕಾಲಿಗೆ ದೀಪಾ ಹಚ್ಚಿಟ್ರ ಎಷ್ಟು ದಿನಾ ಇರತೀರಿ ನೀವು?"

"ಅಯ್ಯ, ಅದು ದೇವರ ಸೇವಾ ರೀ."

"ಸೇವಾ ದೇವರಿಗೆ ಮಾಡ್ರಿ. ಗಿಡಕ್ಕ ಬರೇ ನೀರು ಹಾಕ್ರಿ, ಅದೂ ಮಣ್ಣು ಬೆರಳಿಗೆ ಒಣಗಿ ಹತ್ತಿದ ಮ್ಯಾಲೆ. ಹಾಲು ನನಗ ಕೊಡ್ರಿ, ಚಾ ಮಾಡಸ್ತೀನಿ."

ತುಳಸಿಯ ತೆನೆಯನ್ನು ಚಿವುಟಬೇಕೆಂದು ಹೇಳಿದಾಗ ಆಕೆ ಕಿವಿ ಮುಚ್ಚಿಕೊಂಡರು. ತೆನೆ ಬಲಿತು ಬೀಜವಾದರೆ ಗಿಡ ತನ್ನ ಕೆಲಸ ಮುಗಿಯಿತೆಂದು ಕಟ್ಟಿಗೆಯಾಗುತ್ತದೆ, ಎಳೆಯದಿರುವಾಗಲೇ ಚಿವುಟಿ ಪೂಜೆಗೇ ಏರಿಸಿ ಎಂದು ಇವರು ವಿವರಿಸಿದರು. ಪೂಜೆಗೆ ಎಂದ ಮೇಲೆ ಆಕೆ ಒಪ್ಪಿದರು. ಆ ತುಳಸಿ ಮುಂದೆ ಮೊಣಕಾಲೆತ್ತರ ಪೊದೆಯಾಗಿ ಬೆಳೆಯಿತು. ಅದರ ಶ್ರೇಯಸ್ಸನ್ನು ಆಕೆ ಒಂದು ವ್ರತಕ್ಕೆ ಕೊಟ್ಟರು. ಇವರಿಗೆ ಅದು ತಿಳಿದಿತ್ತು.

ಎಲ್ಲೆಡೆಯೂ ಗೆದ್ದರೆಂದಲ್ಲ. ಶಿವನ ಗುಡಿಯ ಅಂಗಳದ ಬಿಲ್ವಪತ್ರಿಗೆ ಭಕ್ತರು ಸೇರಿ ಕಟ್ಟೆ ಕಟ್ಟಿಸುವಾಗ, ಬೊಡ್ಡೆಗೆ ಅಂಟಿಸಿ ಸಿಮೆಂಟು ಹಾಕಬೇಡಿ, ಬುಡದ ಮೇಲೆ ಮಣ್ಣು ಏರಿಸಬೇಡಿ, ಬೊಡ್ಡೆಯ ಕೆಳಗಣ ತೊಗಟೆಗೂ ಗಾಳಿ ಬೇಕು ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಹೊಳೆಯುವ ಕಲ್ಲು ಹಾಸಿದರು. ಈಗ ಆ ಮರದ ಒಂದು ಪಕ್ಕ ಒಣಗಿದೆ. ನಾವಿಬ್ಬರೂ ಸೋಮವಾರ ದರ್ಶನಕ್ಕೆ ಹೋದಾಗಲೆಲ್ಲ ಅವರು ಆ ಒಣಗಿದ ಪಕ್ಕಕ್ಕೆ ಬೆನ್ನು ಮಾಡಿ ಕೂಡುತ್ತಿದ್ದರು.

"ಸಾಕಾಗೇತ್ರಿ ಪಂಡಿತ್ರ" ಎನ್ನುವುದು ಅವರ ನಿತ್ಯದ ಮಾತಾಗಿತ್ತು. "ಗಿಡಾ ಹಗೆತನದಿಂದ ಸಾಯೂದು ನಾ ನೋಡಿಲ್ಲ. ಎಲ್ಲಾ ಪ್ರೀತಿಲಿಂದನ ಸಾಯತಾವ."

ಅವರ ಕತ್ತರಿಕೆಲಸಕ್ಕೆ ಒಂದು ನಿಯಮವಿತ್ತು. ಮೊದಲು ಗಿಡದ ಸುತ್ತ ಒಮ್ಮೆ ನಡೆಯಬೇಕು. ಕೈಯಲ್ಲಿ ಏನೂ ಇರಬಾರದು. ಹತ್ತಿರದ ಮರಿಕಲ್ ಊರಿನಿಂದ ಅವರ ಬಂಧುವೊಬ್ಬರು ತಮ್ಮ ನಿಂಬೆ ಕಾಯಿ ಬಿಡುತ್ತಿಲ್ಲವೆಂದು ಕರೆದಿದ್ದರು. ನಾನೂ ಜೊತೆಗೆ ಹೋಗಿದ್ದೆ. ಇವರು ಸುತ್ತು ಹಾಕಿ ಬಂದು, ಬಟ್ಟೆ ಒಣಹಾಕಲು ಬೊಡ್ಡೆಗೆ ಬಿಗಿದಿದ್ದ ತಂತಿಯನ್ನು ತೋರಿಸಿದರು. ತೊಗಟೆ ಆ ತಂತಿಯನ್ನು ಅರ್ಧ ನುಂಗಿತ್ತು. "ಕೊರಳಿಗೆ ಉರುಲು ಹಾಕಿ, ಯಾಕ ಹಾಡವಲ್ದು ಅಂತ ಕೇಳತೀರಲ್ಲ" ಎಂದರು. ತಂತಿ ಬಿಚ್ಚಿದ ಮೇಲೆಯೇ ಕತ್ತರಿ ಕೈಗೆ ಬಂತು. ಕತ್ತರಿ ಹರಿತವಿರಬೇಕು, ಮೊಂಡಾದದ್ದು ಕತ್ತರಿಸುವುದಿಲ್ಲ, ಜಜ್ಜುತ್ತದೆ. ರೋಗದ ಕೊಂಬೆ ಮುಟ್ಟಿದ ಬಾಯಿಯನ್ನು ಒರೆಸದೆ ಇನ್ನೊಂದಕ್ಕೆ ಇಡಬಾರದು. ಕೊಂಬೆ ಬೊಡ್ಡೆಗೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಜಾಗವಿರುತ್ತದೆ. ಅದನ್ನು ಬಿಟ್ಟು, ಅದರ ಹೊರಗೆ ಕತ್ತರಿಸಬೇಕು. ಉದ್ದ ಗೂಟ ಬಿಟ್ಟರೆ ಕೊಳೆಯುತ್ತದೆ, ಬಳೆಯನ್ನೇ ಕೆತ್ತಿದರೆ ಗಾಯ ಮುಚ್ಚುವುದಿಲ್ಲ. ಯಾವುದನ್ನು ತೆಗೆಯಬೇಕೆಂದು ಬಂಧು ಕೇಳಿದಾಗ ನಿಲ್ದಾಣದ ಧ್ವನಿ ಹೊರಬಂತು: "ಒಣಗಿದ್ದನ್ನ ಮೊದಲು ಇಳಸ್ರಿ. ಆಮ್ಯಾಲೆ ಮುರದಿದ್ದು. ಆಮ್ಯಾಲೆ ಒಬ್ಬರ ಮ್ಯಾಲೊಬ್ಬರು ಬಿದ್ದು ಜಗಳಾಡೂವು. ಉಳದವ್ರಿಗೆ ಸೀಟ್ ತಾನಾಗೇ ಸಿಗತೈತಿ."

ಕರಿಬೇವನ್ನು ಎಲೆ ಎಲೆಯಾಗಿ ಕಿತ್ತರೆ ಸಿಟ್ಟು. ಕಡ್ಡಿಯ ತುದಿಯನ್ನೇ ಮುರಿಯಿರಿ, ಎರಡು ಕವಲು ಒಡೆಯುತ್ತದೆ ಎನ್ನುವರು. ಹಸಿ ಸಗಣಿಯನ್ನು ಬೇರಿಗೆ ಒತ್ತಿದರೆ ಸಿಟ್ಟು. ಅದು ಬೇರನ್ನು ಸುಡುತ್ತದೆ, ವರ್ಷ ಕಳೆದ ತಿಪ್ಪೆಗೊಬ್ಬರ ಹಾಕಿ ಎನ್ನುವರು. ಮಧ್ಯಾಹ್ನದ ಬಿಸಿಲಲ್ಲಿ ಬಾಡಿದ ಎಲೆ ಕಂಡು ಗಾಬರಿಯಿಂದ ಕೊಡ ನೀರು ಸುರಿದರೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಅವರ ಮಡದಿ, ನನ್ನನ್ನು ಅಣ್ಣಾರು ಎಂದು ಕರೆಯುವ ಗಟ್ಟಿ ಜೀವ, ಗೋಡೆಯಾಚೆಯಿಂದ ಒಮ್ಮೆ ಹೇಳಿದರು: "ಅಣ್ಣಾರ, ಆ ಗಿಡಕ್ಕ ಕೊಟ್ಟ ಲಕ್ಷ್ಯ ನನಗ ಕೊಟ್ಟಿದ್ರ ನಾನೂ ಈ ವಯಸ್ಸಿನ್ಯಾಗ ಹೂ ಬಿಡತಿದ್ದೆ ನೋಡ್ರಿ." ಇವರು ತಿರುಗಿ ನೋಡದೆ, "ನಿನಗ ನೀರು ಹೆಚ್ಚಾಗೇತಿ" ಎಂದರು.

ಮಲ್ಲಿಗೆಯ ಮಾತು ಬೇರೆ. ಅದು ಅವರ ಹರಕೆ. ಬೇಸಗೆಯ ಪ್ರತಿ ಸೋಮವಾರ ಶಿವನಿಗೆ ಆ ಸಾಲಿನ ಮೊಗ್ಗಿನ ಮಾಲೆ ಹೋಗಬೇಕು. ಅದಕ್ಕಾಗಿ ಚಳಿಗಾಲದಲ್ಲಿ, ಮಾರ್ಗಶಿರ ಕಳೆಯುವ ಹೊತ್ತಿಗೆ, ಗಿಡಗಳಿಗೆ ನೀರು ನಿಲ್ಲಿಸುವರು. ಎಲೆ ಬಾಡುವುದನ್ನು ನೋಡಿ ದಾರಿಹೋಕರು ಮರುಗುವರು. ಆಮೇಲೆ ಪ್ರತಿ ಪೊದೆಯನ್ನೂ ಹಗ್ಗದಿಂದ ಸುತ್ತಿ ಹಿಡಿಗಟ್ಟಾಗಿ ಕಟ್ಟಿ, ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನೂ ಸವರಿಬಿಡುವರು. ನೋಡಲು ಆಗುತ್ತಿರಲಿಲ್ಲ. ನಾನು ಆ ದಿನ ಜಗಲಿ ಬಿಟ್ಟು ಒಳಗೆ ಕೂಡುತ್ತಿದ್ದೆ. ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಮಾತ್ರ ಹೂ ಬಿಡುತ್ತದೆಂದೂ, ಹಳೆಯ ಕಡ್ಡಿಗೆ ಕನಿಕರ ತೋರಿದರೆ ಎಲೆಯೇ ಆಗುತ್ತದೆಂದೂ ಅವರು ಹೇಳಿದ್ದು ಬೇಸಗೆಯಲ್ಲಿ ನಿಜವಾಗುತ್ತಿತ್ತು. ಆದರೂ ಕತ್ತರಿಯ ಆ ಕಚಕಚ ಶಬ್ದ ನನಗೆ ಸೇರುತ್ತಿರಲಿಲ್ಲ.

ಆ ಶಬ್ದ ಸೇರದವರು ಆ ಮನೆಯೊಳಗೂ ಒಬ್ಬರಿದ್ದರು.

ಅವರ ಸೊಸೆ ಗದ್ವಾಲದ ಹುಡುಗಿ. ತವರಿನಲ್ಲಿ ಮಗ್ಗದ ಕೆಲಸ, ಮಾತು ತೆಲುಗು. ಮಗ ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತಾನೆ, ಬೆಳಗಿನ ಬಸ್ಸಿಗೆ ಹೋಗಿ ರಾತ್ರಿಗೆ ಬರುತ್ತಾನೆ. ಹುಡುಗಿ ನಮ್ಮ ಕನ್ನಡವನ್ನು ಒಂದು ವರ್ಷದಲ್ಲಿ ಕಲಿತಳು. ಎರಡು ಸಲ ಗರ್ಭ ನಿಂತು, ಎರಡು ಸಲವೂ ಉಳಿಯಲಿಲ್ಲ. ಎರಡನೆಯ ಸಲ ಅದು ಹೋದದ್ದು ಇವರು ನುಗ್ಗೆಯನ್ನು ಬೋಳು ಮಾಡಿದ ವಾರದಲ್ಲಿ. ನುಗ್ಗೆಯನ್ನು ಕಾಯಿ ಮುಗಿದ ಮೇಲೆ ಹಾಗೆಯೇ ಕಡಿಯಬೇಕು, ಇಲ್ಲದಿದ್ದರೆ ಅದು ಬಿದಿರಿನಂತೆ ಎತ್ತರಕ್ಕೆ ಹೋಗಿ ಗಾಳಿಗೆ ಮುರಿಯುತ್ತದೆ. ಆದರೆ ಬಸುರಿ ಇರುವ ಮನೆಯಲ್ಲಿ ಹಸಿ ಗಿಡಕ್ಕೆ ಕಬ್ಬಿಣ ತಾಕಿಸಬಾರದೆಂಬುದು ನಮ್ಮ ಕಡೆಯ ಹೆಂಗಸರ ನಂಬಿಕೆ. ಕೆಲವರು ಬೂದುಗುಂಬಳವನ್ನೂ ಒಡೆಯುವುದಿಲ್ಲ. ಹಿತ್ತಲ ಮಾತಿನಲ್ಲಿ ಯಾರೋ ಅಂದರಂತೆ, ಹೊಟ್ಟೆಯಲ್ಲಿ ಕೂಸಿಟ್ಟುಕೊಂಡ ಮನೆಯಲ್ಲಿ ಮರ ಬೋಳಿಸಿದರೆ ಇನ್ನೇನಾದೀತು ಎಂದು. ಅದು ಆ ಹುಡುಗಿಯ ಕಿವಿಗೆ ಬಿತ್ತು. ಆಕೆ ಅತ್ತೆಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಅಂದಿನಿಂದ ಕತ್ತರಿಯ ಸದ್ದಾದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಿಸಿಲಿಗೆ ಆಗದ ಹುಡುಗಿ ಎಂದು ಮಾವ ತಿಳಿದಿದ್ದರು.

ಮೂರನೆಯ ಸಲ ಗರ್ಭ ನಿಂತದ್ದು ಕಳೆದ ಕಾರ್ತಿಕಕ್ಕೂ ಹಿಂದಿನ ಕಾರ್ತಿಕದಲ್ಲಿ ಗೊತ್ತಾಯಿತು. ಬೀಗಿತ್ತಿ ಗದ್ವಾಲದಿಂದ ಮಗಳನ್ನು ನೋಡಲು ಬಂದರು. ಅಂಗಳದಲ್ಲಿ ಇವರು ಮಲ್ಲಿಗೆಗೆ ನೀರು ನಿಲ್ಲಿಸುವ ಮಾತನ್ನು ನನ್ನೊಡನೆ ಆಡುತ್ತಿದ್ದರು. ಗಿಡಕ್ಕೆ ಚೆಟ್ಟು ಎನ್ನುವ ಆ ತಾಯಿ ಸೆರಗು ಹೊದ್ದು ಬಂದು ನಿಂತರು.

"ಅಣ್ಣಯ್ಯ, ಒಂದ ಮಾತು ಕೇಳಾಕ ಬಂದೀನಿ. ಸಿಟ್ಟಾಗಬ್ಯಾಡ್ರಿ. ಈ ಸಲ ಚೆಟ್ಟಿಗೆ ಕತ್ತರಿ ಹಚ್ಚಬ್ಯಾಡ್ರಿ."

"ಯಾಕ್ರಿ ಬೀಗಿತ್ತಿ?"

ಆಗ ಹೊರಬಂತು ಆ ಹಿತ್ತಲ ಮಾತು, ಮುಚ್ಚಿದ ಬಾಗಿಲಿನ ಸಂಗತಿ, ಎಲ್ಲ. ಆ ತಾಯಿ ಅಳದೆ, ಒಂದೊಂದೇ ಹೇಳಿದರು. ಇವರ ಮುಖ ಕುಂದುತ್ತ ಹೋಯಿತು. ಇವರ ಮಡದಿ ಬಾಗಿಲಲ್ಲಿ ನಿಂತು, "ಬಿಡ್ರಿ ಒಂದು ವರ್ಷ. ಮಲ್ಲಿಗಿ ಏನು ಸಾಯಂಗಿಲ್ಲ" ಎಂದರು.

"ಸಾಯಂಗಿಲ್ಲ" ಎಂದರು ಇವರು. "ಕಟ್ಟಿಗಿ ಆಗತೈತಿ."

ಬೀಗಿತ್ತಿ ಹೊರಟ ಮೇಲೆ ಗೋಡೆಯ ಬಳಿ ಬಂದರು. ನನ್ನನ್ನು ಏನೋ ಕೇಳಬೇಕೆಂದಿರುವುದು ಸ್ಪಷ್ಟವಾಗಿತ್ತು.

"ಪಂಡಿತ್ರ, ನೀವು ಇಷ್ಟು ಓದೀರಿ. ಇದು ಶಾಸ್ತ್ರದಾಗ ಐತೇನ್ರಿ?"

ನಾನು ಓದಿದ ಮಟ್ಟಿಗೆ ನೆನಪಿಲ್ಲವೆಂದೆ. ಆಚಾರವೆಂಬುದು ಗ್ರಂಥದಿಂದಲೇ ಬರಬೇಕಿಲ್ಲ, ಬಸುರಿಯ ಮನಸ್ಸು ಬೆಚ್ಚಬಾರದೆಂದು ಹಿರಿಯರು ಮಾಡಿದ್ದಿರಬಹುದು ಎಂದೂ ಹೇಳಿದೆ. ಬೇಕಾದರೆ ನಾನು ಹುಡುಗಿಗೆ ತಿಳಿಹೇಳುತ್ತೇನೆ, ಗಿಡಕ್ಕೂ ಗರ್ಭಕ್ಕೂ ಸಂಬಂಧವಿಲ್ಲವೆಂದು ನಾನು ಹೇಳಿದರೆ ನಂಬಿಯಾಳು ಎಂದೆ.

"ನಂಬತಾಳ್ರಿ. ತಲ್ಯಾಗ ನಂಬತಾಳ. ಕತ್ತರಿ ಸಪ್ಪಳಾದ ಕೂಡಲೇ ಹೊಟ್ಟಿಮ್ಯಾಲೆ ಕೈ ಇಟಗೋತಾಳ." ತಮ್ಮ ತೋರುಬೆರಳನ್ನು ನೋಡಿಕೊಂಡರು. "ಇಷ್ಟು ವರ್ಷ ಊರ ಮಂದಿ ಕುಂಡದಾಗ ಬೆರಳು ಹಾಕಿ ನೋಡೀನಿ. ಮನ್ಯಾಗಿಂದು ನೋಡ್ಲಿಲ್ಲ. ಸಾಕಾತ್ರಿ ಪಂಡಿತ್ರ."

ಆ ದಿನವೇ ಕತ್ತರಿಗಳನ್ನೂ ಕುಡುಗೋಲನ್ನೂ ಒಂದು ಗೋಣಿಯಲ್ಲಿ ಸುತ್ತಿ, ಸೊಸೆ ನೋಡುವಂತೆ ಅಂಗಳದಿಂದ ಹೊರಗೆ ಒಯ್ದು ನನ್ನ ಮನೆಯ ಅಟ್ಟಕ್ಕೆ ಏರಿಸಿದರು. ಮಲ್ಲಿಗೆಗೆ ನೀರನ್ನೂ ನಿಲ್ಲಿಸಲಿಲ್ಲ; ಬಾಡಿದ ಎಲೆ ಕಂಡರೂ ಆಕೆ ಹೆದರಿಯಾಳೆಂಬ ಅಂಜಿಕೆ.

ಆ ಚಳಿಗಾಲ ಅವರಿಗೆ ದೀರ್ಘವಾಗಿತ್ತು. ಮಲ್ಲಿಗೆ ಗೋಡೆಯ ಮೇಲೆ ಹತ್ತಿ ಬೀದಿಗೆ ಜೋತುಬಿತ್ತು, ಎಲೆಯೇ ಎಲೆ. ನುಗ್ಗೆ ಎತ್ತರಕ್ಕೆ ಹೋಗಿ ಒಂದು ಗಾಳಿಗೆ ಕೊಂಬೆ ಮುರಿದುಕೊಂಡು ನೇತಾಡಿತು. ಮುರಿದುದನ್ನೂ ಅವರು ಕಡಿಯಲಿಲ್ಲ. ಓಣಿಯವರು ಇಷ್ಟು ವರ್ಷ ತಿಂದ ಬೈಗುಳಕ್ಕೆ ಬಡ್ಡಿ ವಸೂಲಿ ಮಾಡಿದರು. "ಕಂಟ್ರೋಲರ್ರ, ನಿಮ್ಮ ಬಸ್ಸು ಈ ವರ್ಷ ಟೈಮಿಗೆ ಬಿಡಲಿಲ್ಲಲ್ರಿ" ಎಂದು ಒಬ್ಬರು. "ಒಣಗಿದ್ದನ್ನ ಮೊದಲು ಇಳಸ್ರಿ ಅಂತಿದ್ರಿ, ಈಗ ನೀವ ಏರಿ ಕುಂತೀರಲ್ಲ" ಎಂದು ಇನ್ನೊಬ್ಬರು. ಕಾರಣ ಹೇಳಿದ್ದರೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ಹೇಳಿದರೆ ಮತ್ತೆ ಹುಡುಗಿಯ ಬಸಿರು ಓಣಿಯ ಬಾಯಿಗೆ ಬೀಳುತ್ತಿತ್ತು. "ವಯಸ್ಸಾತು, ಕೈ ಏಳವಲ್ದು" ಎಂದು ಅವರು ಸುಳ್ಳು ಹೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಪ್ರತಿ ಸಲವೂ ನೆಲ ನೋಡುತ್ತಿದ್ದರು. ಬೆಳಗಿನಲ್ಲಿ ಕುರ್ಚಿ ಹಾಕಿಕೊಂಡು ಆ ಸಾಲಿನೆದುರು ಸುಮ್ಮನೆ ಕೂಡುವರು. ಕೈಗಳು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಬಿದ್ದಿರುತ್ತಿದ್ದವು.

ಸಂಕ್ರಾಂತಿ ಕಳೆದ ಒಂದು ಬೆಳಗು ನಾನು ಜಪ ಮುಗಿಸಿ ಜಗಲಿಗೆ ಬಂದೆ. ಸೊಸೆ ಜೋಳದ ರೊಟ್ಟಿಯ ತುಂಡು ತೋರಿಸುತ್ತ ಹಿಂದಿನ ಮನೆಯವರ ಆಡನ್ನು ಗೇಟಿನೊಳಗೆ ಕರೆದು ತರುತ್ತಿದ್ದಳು. ಆಡು ರೊಟ್ಟಿ ತಿಂದು, ಮೊದಲ ಮಲ್ಲಿಗೆಯ ಪೊದೆಗೆ ಬಾಯಿ ಹಾಕಿತು. ಇವರು ಲಿಂಗಪೂಜೆ ಮುಗಿಸಿ ವಿಭೂತಿಯ ಹಣೆಯಲ್ಲಿ ಹೊರಬಂದರು.

"ಯಾರ ಆಡು ಇದು?"

"ಹಿಂದಿನ ಮನೀದು, ಮಾಮಯ್ಯ."

"ಒಳಗ ಹೆಂಗ ಬಂತು?"

"ಗೇಟ್ ತೆರದಿತ್ತು."

"ಯಾರು ತೆರದ್ರು?"

"ನಾನು." ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು. "ಆಡಿನ ಬಾಯಾಗ ಕಬ್ಬಿಣ ಇಲ್ಲಲ್ರಿ ಮಾಮಯ್ಯ. ಅಮ್ಮನ್ನ ಫೋನಿನ್ಯಾಗ ಕೇಳೀನಿ. ನಡೀತೈತಿ ಅಂದ್ಳು."

ಅವರು ಆಡನ್ನು ಬಹಳ ಹೊತ್ತು ನೋಡಿದರು. ಆಡು ನಿರ್ಭೀತವಾಗಿ ಮೆಲ್ಲುತ್ತಿತ್ತು.

"ತಪ್ಪು ಕಡೀತೈತಿ ಅದು" ಎಂದರು ಕೊನೆಗೆ. "ಗೆಣ್ಣಿನ ಮ್ಯಾಲೆ ಕಡೀಬೇಕು."

"ಹೇಳ್ರಿ ಅದಕ್ಕ."

"ನನ್ನ ಮಾತು ಈ ಓಣ್ಯಾಗ ಯಾರು ಕೇಳತಾರವ್ವಾ, ಆಡು ಕೇಳಾಕ?"

ಹುಡುಗಿ ನಕ್ಕಳು. ಬಾಗಿಲ ಬಳಿ ಅತ್ತೆ ನಕ್ಕರು. ಅವರು ನಗಲಿಲ್ಲ, ಆದರೆ ಕುರ್ಚಿಯನ್ನು ಆಡಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. ಒಂದು ಪೊದೆ ಬೋಳಾದ ಮೇಲೆ ಆಡಿಗೆ ಮಲ್ಲಿಗೆ ಬೇಸರವಾಗಿ ದಾಸವಾಳಕ್ಕೆ ಹೋಯಿತು. ಅಲ್ಲಿ ಅದರ ಉದ್ಯೋಗ ಮುಗಿಯಿತು. ಅಟ್ಟಿಸಿಕೊಂಡು ಹೋಗುವಾಗ ಅವರ ಉಸಿರು ಏರಿದ್ದನ್ನು ನಾನು ಮೊದಲ ಬಾರಿಗೆ ಗಮನಿಸಿದೆ.

ಫಾಲ್ಗುಣದಲ್ಲಿ ಬಸುರಿಗೆ ಮಾಡುವ ಕುಬುಸದ ಕಾರ್ಯ ಮುಗಿಸಿ ಹುಡುಗಿ ತವರಿಗೆ ಹೋದಳು. ಬೇಸಗೆ ಬಂತು. ಸಾಲಿನಲ್ಲಿ ಎಲೆ ತುಂಬಿತ್ತು, ಮೊಗ್ಗು ಅಲ್ಲೊಂದು ಇಲ್ಲೊಂದು. ಆಡು ತಿಂದ ಪೊದೆ ಮಾತ್ರ, ವಕ್ರವಾಗಿಯೇ, ತುಂಬ ಹೂ ಬಿಟ್ಟಿತು. ಸೋಮವಾರದ ಮಾಲೆಗೆ ಅದು ಸಾಲದು. ಅವರು ಗುಡಿಗೆ ಹಿಡಿಹೂ ಒಯ್ದು, "ಇಷ್ಟರಾಗ ಸಮಾಧಾನ ಮಾಡಿಕೋ ತಂದಿ" ಎಂದು ದೇವರಿಗೆ ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ವೈಶಾಖದಲ್ಲಿ ಗದ್ವಾಲದಿಂದ ಸುದ್ದಿ ಬಂತು: ಹೆಣ್ಣು ಕೂಸು, ತಾಯಿ ಕೂಸು ಇಬ್ಬರೂ ಸುಖ. ಸುದ್ದಿ ಕೇಳಿ ಅವರು ಅಂಗಳದಲ್ಲಿ ಚಪ್ಪಲಿ ಕಳಚಿ ನಿಂತರು, ಗುಡಿಯಲ್ಲಿ ನಿಲ್ಲುವಂತೆ.

ತೊಟ್ಟಿಲಿಗೆ ಹಾಕುವ ದಿನ ನನ್ನನ್ನೂ ಕರೆದೊಯ್ದರು. ಆ ಪೊದೆಯ ಮೊಗ್ಗುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು, ಕಾದ ತಗಡಿನಂಥ ಬಸ್ಸಿನಲ್ಲಿ ಹೊಳೆ ದಾಟಿ ಹೋದೆವು. ದಾರಿಯುದ್ದಕ್ಕೂ ಬಸ್ಸು ತಡವೆಂದು ಬೈದರು. ತೊಟ್ಟಿಲ ಹಗ್ಗಕ್ಕೆ ಹೂವನ್ನು ತಾವೇ ಸುತ್ತಿದರು. ಬೀಗಿತ್ತಿ, "ಅಣ್ಣಯ್ಯ, ಚಂದ ಹೂವ ತಂದೀರಿ" ಎಂದಾಗ, "ಆಡಿನ ಕೈಗುಣ ರೀ" ಎಂದರು. ಯಾರಿಗೂ ಅರ್ಥವಾಗಲಿಲ್ಲ, ಹುಡುಗಿ ಮಾತ್ರ ಕೂಸಿನ ಮೇಲೆ ಬಗ್ಗಿ ನಕ್ಕಳು.

ಮಳೆಗಾಲದಲ್ಲಿ ಅವರ ಉಸಿರಿನ ತೊಂದರೆ ಹೆಚ್ಚಾಯಿತು. ರಾಯಚೂರಿನ ವೈದ್ಯರು ಏರುವುದು ಇಳಿಯುವುದು ಬೇಡವೆಂದರು. ಈ ಮಾರ್ಗಶಿರ ಬರುವ ಹೊತ್ತಿಗೆ ಅಂಗಳದ ನಡುವಿನ ಕುರ್ಚಿಯೇ ಅವರ ಲೋಕವಾಗಿತ್ತು. ಎರಡು ವರ್ಷದ ಮಲ್ಲಿಗೆ ಎದುರಿಗೆ ಗೋಜಲಾಗಿ ನಿಂತಿತ್ತು. ಮಗ ರಜೆಯ ದಿನ ಕತ್ತರಿಸುತ್ತೇನೆಂದ. ಅವರು ಬೇಡವೆಂದರು. ಅವನಿಗೆ ಅವಸರ, ಅವಸರದ ಕೈಗೆ ಕತ್ತರಿ ಕೊಡಬಾರದು ಎಂದರು. ಆಗ, ಕೂಸಿನೊಡನೆ ತವರಿನಿಂದ ಮರಳಿದ್ದ ಸೊಸೆಯೇ ನನ್ನ ಮನೆಗೆ ಬಂದು, ಅಟ್ಟದ ಮೇಲಿನದನ್ನು ಇಳಿಸಿಕೊಡಿ ತಾತಾ ಎಂದಳು. ಇಳಿಸಿಕೊಟ್ಟೆ. ಆ ದಿನ ನಾನು ಒಳಗೆ ಕೂಡಲಿಲ್ಲ.

ಕೂಸು ಅಜ್ಜಿಯ ತೊಡೆಯಲ್ಲಿತ್ತು. ಮಾವ ಹೇಳಿದಂತೆ ಹುಡುಗಿ ಹಗ್ಗ ಸುತ್ತಿದಳು, ಹಿಡಿಗಟ್ಟು ಮಾಡಿದಳು. ಮೊದಲ ಕತ್ತರಿ ತುದಿಯ ಎಲೆಗೆ ಬಿತ್ತು.

"ಇದು ಕ್ಷೌರ ಅಲ್ಲವ್ವಾ. ಇನ್ನೂ ಕೆಳಗ."

ಇನ್ನೊಂದು ಗೇಣು ಕೆಳಗೆ ಇಟ್ಟಳು.

"ಇನ್ನೂ ಕೆಳಗ."

"ಸಾಯತೈತಿ ಮಾಮಯ್ಯ."

"ಅಂಜಿಕಿ ಬಂದ್ರ ಇಟ್ಟುಬಿಡು. ನಾ ಬೈಯಂಗಿಲ್ಲ. ಒಂದು ವರ್ಷ ಹೂ ಇಲ್ಲದ ಇದ್ದೀನಿ, ಇನ್ನೊಂದು ವರ್ಷ ಇರತೀನಿ."

ಇನ್ನೊಂದು ವರ್ಷ ಇರುವವರ ಉಸಿರಲ್ಲ ಅದು. ಅಲ್ಲಿದ್ದ ನಮಗೆಲ್ಲ ತಿಳಿದಿತ್ತು. ಹುಡುಗಿ ಒಮ್ಮೆ ಕೂಸಿನ ಕಡೆ ನೋಡಿದಳು. ಕೂಸು ಅಜ್ಜಿಯ ಬಳೆ ಎಳೆಯುತ್ತಿತ್ತು. ಕತ್ತರಿಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಎರಡೂ ಕೈಯಿಂದ ಒತ್ತಿದಳು. ಆ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಅವರು ಕಣ್ಣು ಮುಚ್ಚಿ, "ಹೂಂ, ಮುಂದಿನದು" ಎಂದರು. ಸಂಜೆಯ ಹೊತ್ತಿಗೆ ಸಾಲು ಪೂರ್ತಿ ಮುಗಿಯಿತು. ಮುಗಿದ ಮೇಲೆ ಅವರು ಸಾಲನ್ನು ತುದಿಯಿಂದ ತುದಿಗೆ ಒಮ್ಮೆ ನೋಡಿದರು. ಬೈಯಲು ಏನೂ ಸಿಗಲಿಲ್ಲವೆಂದೇ ನಾನು ಅರ್ಥ ಮಾಡಿಕೊಂಡೆ.

ಪುಷ್ಯದ ಒಂದು ಬೆಳಗು, ಕುರ್ಚಿಯಲ್ಲಿ ಕುಳಿತಂತೆಯೇ ಲಿಂಗೈಕ್ಯರಾದರು. ನಾನು ಗೋಡೆಯಾಚೆಯಿಂದ ಕರೆದೆ, ಓಗೊಡಲಿಲ್ಲ.

ಸಮಾಧಿಯಾದ ಮೂರನೆಯ ದಿನ ಓಣಿಯ ಹೆಂಗಸರು ಮಾತನಾಡಿಸಲು ಬಂದಿದ್ದರು. ನಾನು ಜಗಲಿಯಲ್ಲಿದ್ದೆ. ಗೋಡೆಗುಂಟ ಎಲೆಯಿಲ್ಲದ ಮೋಟು ಕಡ್ಡಿಗಳ ಸಾಲು ನೋಡಿ ಅವರಲ್ಲಿ ಹಿರಿಯರೊಬ್ಬರು ನಿಟ್ಟುಸಿರುಬಿಟ್ಟರು. "ನೋಡವ್ವಾ, ಯಜಮಾನ ಹೋದ ಅಂತ ಗಿಡಾನೂ ಒಣಗ್ಯಾವ."

ಹುಡುಗಿ ಕೂಸನ್ನು ಸೊಂಟದ ಮೇಲೆ ಏರಿಸಿಕೊಂಡಳು.

"ಒಣಗಿಲ್ರಿ ಅಜ್ಜಿ" ಎಂದಳು. "ಕಡದೀನಿ. ನಾನ ಕಡದೀನಿ."

ಆ ಅಂಗಳದಲ್ಲಿ ಮಣ್ಣು ಮುಟ್ಟಿದವರು, ಕತ್ತರಿ ಹಿಡಿದವರು, ಒಂದು ಜೀವದ ನೆಮ್ಮದಿಗಾಗಿ ಅದನ್ನು ಕೆಳಗಿಟ್ಟವರು, ಬೈದವರು, ಬೈಸಿಕೊಂಡವರು, ಗದ್ವಾಲದಿಂದ ಬಂದು ಮಾತಾಡಿದ ಆ ತಾಯಿ, ಹಸಿದು ಬಂದ ಆ ಮೂಕಪ್ರಾಣಿ, ತೊಟ್ಟಿಲಿನಿಂದ ಇಳಿದು ಈಗ ತೆವಳಲು ಕಲಿತಿರುವ ಕೂಸು, ಎಲ್ಲರಿಗೂ ಶಿವನು ಆಯುಷ್ಯವನ್ನೂ ಸಮಾಧಾನವನ್ನೂ ಕೊಡಲಿ. ಹೋದವರಿಗೆ ತನ್ನ ಪಾದದಲ್ಲಿ ನೆರಳು ಕೊಡಲಿ. ದಣಿದ ಈ ಕೈಯೂ ಅದನ್ನೇ ಬೇಡುತ್ತದೆ.